ತಂಗಿಯ ಅವಿಭಾಜ್ಯ ಸಂಖ್ಯೆ

ಮಾರ್ಚ್ ೯, ಸೋಮವಾರ

ಕಡೆಗೂ ಶೇಷ ಸೊನ್ನೆಯೇ ಬಂತು. ಹೊಟ್ಟೆ ಉರಿಯುತ್ತಿದೆ.

ಇಷ್ಟು ವರ್ಷ ಗಣಿತ ಪಾಠ ಹೇಳಿಕೊಂಡು, ಮನೆಯ ಕಂಪ್ಯೂಟರನ್ನು ಹಗಲೂ ರಾತ್ರಿ ಓಡಿಸಿದ ನನಗೆ ಸಿಗದ ದೊಡ್ಡ ಅವಿಭಾಜ್ಯ ಸಂಖ್ಯೆ, ಹಲ್ಲು ಕೀಳುವ ನನ್ನ ತಂಗಿಗೆ ಸಿಕ್ಕಿದೆ. ಅವಳ ಕ್ಲಿನಿಕ್ಕಿನ ಕಂಪ್ಯೂಟರಿಗೆ ಆ ಹುಡುಕುವ ಪ್ರೋಗ್ರಾಂ ಹಾಕಿಕೊಟ್ಟ ಪುಣ್ಯಾತ್ಮನೂ ನಾನೇ! ಎರಡನ್ನು ಎರಡರಿಂದಲೇ ಕೋಟಿಗಟ್ಟಲೆ ಸಲ ಗುಣಿಸಿ ಒಂದು ಕಳೆದರೆ ಬರುವ ಸಂಖ್ಯೆ ಅದು. ಅವಳ ಹಾಗೇ ಹಟಮಾರಿ. ಒಂದು ಮತ್ತು ತನ್ನನ್ನು ಬಿಟ್ಟರೆ ಯಾವುದಕ್ಕೂ ಬಗ್ಗದು.

ಇಂಥ ಸಂಖ್ಯೆಗಳ ಪರೀಕ್ಷೆ ಮಾಮೂಲಿ ಭಾಗಾಕಾರಕ್ಕೆ ತದ್ವಿರುದ್ಧ: ಕೊನೆಗೆ ಶೇಷ ಸೊನ್ನೆ ಬಂದರೇನೇ ಅವಿಭಾಜ್ಯ. ಆದರೆ ಬೇರೊಬ್ಬರ ಕಂಪ್ಯೂಟರಿನಲ್ಲೂ ಸೊನ್ನೆ ಬರುವವರೆಗೆ ಯಾರೂ ಒಪ್ಪುವುದಿಲ್ಲ.

"ಅಣ್ಣಾ, ನೀನೇ ನೋಡು. ನಿನ್ ಲೆಕ್ಕ ತಪ್ಪೋದೇ ಇಲ್ಲ," ಅಂದಿದ್ದಳು.

ವಾರವಿಡೀ ಕಂಪ್ಯೂಟರಿನ ಫ್ಯಾನು ಗೊರಗುಟ್ಟುವುದನ್ನು ಕೇಳುತ್ತ, ಸೊನ್ನೆಯೊಂದು ಬಿಟ್ಟು ಬೇರೆ ಏನಾದರೂ ಬರಲಿ ಎಂದು ಹಾರೈಸಿದೆ. ಬರಲಿಲ್ಲ.

ಊಟದ ಹೊತ್ತಿಗೆ ಫೋನ್ ಮಾಡಿದಳು.

"ಬಂತಾ?"

"ಇನ್ನೂ ಓಡ್ತಾ ಇದೆ ಕಣೇ."

ಸುಳ್ಳೇನಲ್ಲ. ಅಷ್ಟರಲ್ಲಿ ಅದನ್ನು ಮತ್ತೆ ಮೊದಲಿನಿಂದ ಓಡಲು ಬಿಟ್ಟಿದ್ದೆ. ಈ ಸಲವಾದರೂ...