ಮೂಲೆಯಲ್ಲಿ ಕೂತ ಆನೆ

ಪುಟ್ಟಿಯ ಅಮ್ಮನಿಗೆ, ಶಿಶುವಿಹಾರದ ಟೀಚರ್ ಮಾಡುವ ನಮಸ್ಕಾರ.

ಈ ವಾರ ಮಕ್ಕಳು ಪ್ರಾಣಿಗಳಾಗಿ ಆಡುತ್ತಾ, ಅವಕ್ಕೆ ಯಾವಾಗ ಸಿಟ್ಟು, ಯಾವಾಗ ಅಳು ಬರುತ್ತದೆಂದು ತೋರಿಸುತ್ತಿದ್ದಾರೆ. ಇಂದು ಪುಟ್ಟಿ ಆನೆಯಾದಳು. ಕಾಗದದ ಸೊಂಡಿಲಲ್ಲಿ ಮುಖ ಮುಚ್ಚಿಕೊಂಡು ಮೂಲೆಯಲ್ಲಿ ಕೂತುಬಿಟ್ಟಳು.

"ಆನೆಗೆ ಏನಾಯ್ತಮ್ಮ?" ಎಂದೆ.

"ಪಾಪು ಆಸ್ಪತ್ರೆಯಿಂದ ಬರ್ಲೇ ಇಲ್ಲ ಟೀಚರ್. ಮನೇಲಿ ಅತ್ರೆ ಅಮ್ಮಂಗೆ ಬೇಜಾರಾಗತ್ತೆ. ಅದಕ್ಕೇ ಆನೆ ಇಲ್ಲಿ ಅಳ್ತಿದೆ."

ಅವಳಿಗೇನೂ ತಿಳಿಯದೆಂದು ನೀವು ಹೇಳಿದ್ದಿರಿ. ತಿಳಿದಿದೆ.

ಸಿಂಹವಾಗಿದ್ದ ಹುಡುಗ ಗರ್ಜಿಸುವುದನ್ನು ನಿಲ್ಲಿಸಿ, ಬಂದು ಅವಳಿಗೆ ಒರಗಿ ಕೂತ. ಹಿಂದೆಯೇ ಮೊಲಗಳೂ ಬಂದವು. ಪುಟ್ಟಿ ಮನಸಾರೆ ಅತ್ತಳು, ಆಮೇಲೆ ಹೊಟ್ಟೆ ತುಂಬ ಉಂಡಳು.

ಸಾಧ್ಯವಾದರೆ ನಾಳೆ ಅವಳನ್ನು ಕರೆದೊಯ್ಯಲು ನೀವೇ ಬನ್ನಿ. ದಾರಿಯಲ್ಲಿ ನಿಮಗೆ ಅಳು ಬಂದರೆ ದಯವಿಟ್ಟು ತಡೆಯಬೇಡಿ. ಅವಳ ಮುಂದೆಯೇ ಅತ್ತುಬಿಡಿ. ಜೊತೆಗೆ ಅವಳೂ ಅಳಲಿ.

ಇಂತಿ,
ನಿಮ್ಮ ಮಗಳ ಟೀಚರ್