ಮಠದ ಅಕ್ಕಿಯ ಒಟ್ಲು

ಹುಲ್ಲಹಳ್ಳಿ
8-8-2003, ಶುಕ್ರವಾರ

ಪ್ರೀತಿಯ ಯಜಮಾನರಿಗೆ ಸಿದ್ದಲಿಂಗಮ್ಮ ಮಾಡುವ ಶರಣು.

ನೀರಿಗಾಗಿ ಕೂತ ಬೆಂಗಳೂರಿನ ಧರಣಿಯಲ್ಲಿ ನಿಮ್ಮ ಸೊಂಟ ಹೇಗಿದೆ? ಬರೀ ಚಾಪೆ ಮೇಲೆ ಮಲಗಿದರೆ ಹಿಡಿದುಕೊಳ್ಳುತ್ತೆ ಅಂತ ಗೊತ್ತಿದ್ದೂ ಜಮಖಾನ ಬಿಟ್ಟು ಹೋದಿರಿ. ಸಂಘದ ಮಾದಪ್ಪ ಸಂಜೆ ಬಸ್ಸಿಗೆ ಅಲ್ಲಿಗೇ ಹೊರಟಿದ್ದಾನೆ, ಅವನ ಕೈಲಿ ಜಮಖಾನ, ನೋವಿನೆಣ್ಣೆ, ಈ ಪತ್ರ ಕಳಿಸುತ್ತಿದ್ದೇನೆ. ಅಂಗಡಿ ಫೋನಿನಲ್ಲಿ ಹೇಳೋಣ ಅಂದರೆ ಬೀಡಿ ಕೊಳ್ಳಲು ಬಂದವರೆಲ್ಲ ಕಿವಿ ಕೊಟ್ಟು ನಿಲ್ಲುತ್ತಾರೆ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಗಳು ಅರ್ಪಿತ ಟಿ.ವಿ.ಯಲ್ಲಿ ನಿಮ್ಮನ್ನು ಕಂಡು ಬೀದಿಯವರನ್ನೆಲ್ಲ ಕರೆದಳು. ನನಗೂ ಹೆಮ್ಮೆ ಆಯಿತು, ಆದರೂ ಪೂರ್ತಿ ನೋಡದೆ ಎದ್ದು ಒಳಗೆ ಹೋದೆ.

ಕಬಿನಿಯಲ್ಲಿ ನೀರಿಲ್ಲ, ಈ ಸಲ ಯಾರೂ ಭತ್ತ ಹಾಕಬಾರದು, ರಾಗಿ ಹುರುಳಿ ಬೆಳೆದು ಉಳಿಸಿದ ನೀರನ್ನು ಕಾಲುವೆ ಕೊನೆಯ ಊರಿನ ಕೆರೆಗೆ ಮೊದಲು ಬಿಡಬೇಕು ಅಂತ ನೀರು ಬಳಕೆದಾರರ ಸಂಘದ ಅಧ್ಯಕ್ಷರಾಗಿ ಎಲ್ಲರಿಂದ ಮಾತು ತೆಗೆದುಕೊಂಡವರು ನೀವೇ. "ನಾವೇ ಉಳಿಸ್ದಿದ್ರೆ ಸರ್ಕಾರದ ಮುಂದೆ ಯಾವ್ ಮಕ ಇಟ್ಕೊಂಡು ಕೇಳೋದು?" ಅಂದಿರಿ. ಒಬ್ಬರೂ ಎದುರಾಡಲಿಲ್ಲ. ಆಮೇಲೆ ತೆಂಗಿನ ತೋಟದ ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆ, ನಾಟಿಯ ಸಸಿಗೆ ಅಂತ ಭತ್ತದ ಒಟ್ಲು ಬಿಟ್ಟವರೂ ನೀವೇ. ವರ್ಷಾ ವರ್ಷಾ ಹೊಸ ಅಕ್ಕಿ ಮೊದಲು ಮಠದ ದಾಸೋಹಕ್ಕೆ ಹೋಗಬೇಕು, ಅದು ನಮ್ಮ ಮನೆ ಪದ್ಧತಿ, ಒಪ್ಪುತ್ತೇನೆ. "ಮಠದ ಅಕ್ಕಿ ಕಣೇ, ಯಾರೂ ಏನೂ ಅನ್ನಲ್ಲ" ಅಂದಿರಿ. ಮಠದ ಹೆಸರು ಬಂದ ಮೇಲೆ ನಾನೂ ಹೂಂ ಅಂದೆ.

ನಿನ್ನೆ ಕೊನೆಯ ಊರಿನಿಂದ ಕಲ್ಲಯ್ಯ ಹತ್ತಾರು ಜನರ ಜೊತೆ ಬಂದಿದ್ದರು. ಮಜ್ಜಿಗೆ ಕೊಟ್ಟರೆ ಮುಟ್ಟಲಿಲ್ಲ. ಅವರ ಕೆರೆ ಬತ್ತಿದೆ, ಕುಡಿಯುವ ನೀರಿಗೂ ಬಾಯಿ ಬಾಯಿ ಬಿಡುತ್ತಿದ್ದಾರೆ. "ಮೇಲ್ಗಡೆ ಯಾರೋ ಒಟ್ಲು ಬಿಟ್ಟವ್ರಂತೆ ಕಣವ್ವ. ನಾಡಿದ್ದು ಕಾಲ್ವೆ ಉದ್ದಕ್ಕೂ ನಡ್ಕೊಂಡು ನೋಡ್ತೀವಿ. ಒಂದೇ ಒಂದು ಸಿಕ್ಲಿ, ತೂಬೆಲ್ಲಾ ಒಡ್ದಾಕ್ಬುಡ್ತೀವಿ" ಅಂದರು. ಅವರು ನಿಮ್ಮನ್ನು ಅನುಮಾನಿಸಿ ಬಂದವರಲ್ಲ, ಅಧ್ಯಕ್ಷರ ಮನೆ ಅಂತ ನ್ಯಾಯ ಕೇಳಲು ಬಂದವರು. ನನಗೆ ತಲೆ ಎತ್ತಲಾಗಲಿಲ್ಲ. ಇತ್ತ ನಮ್ಮ ಪಕ್ಕದ ಹೊಲದ ಸಣ್ಣಯ್ಯ ಬಿತ್ತನೆ ಭತ್ತ ನೆನೆಹಾಕಿ ಕೂತಿದ್ದಾನೆ. ನಿಮ್ಮ ಒಟ್ಲು ಅವನಿಗೆ ಗೊತ್ತು. ಅಧ್ಯಕ್ಷರಿಗಿಲ್ಲದ ಕಟ್ಟು ನಮಗ್ಯಾಕೆ ಅಂತ ಅವನೊಬ್ಬ ಶುರು ಮಾಡಿದರೆ ಸಾಕು, ಊರೆಲ್ಲ ಗದ್ದೆಗೆ ಇಳಿಯುತ್ತೆ, ಕೊನೆಯವರ ಕೆರೆಗೆ ಹನಿ ನೀರೂ ಹೋಗೊಲ್ಲ. ಆಮೇಲೆ ದೊಣ್ಣೆಗಳೇ ಮಾತಾಡುತ್ತವೆ. ನನಗೆ ಭಯವಾಗಿದೆ.

ಇವತ್ತು ಬೆಳಿಗ್ಗೆ ಮಠಕ್ಕೆ ಹೋಗಿ ದಾಸೋಹ ನೋಡಿಕೊಳ್ಳುವ ಹಿರಿಯರನ್ನು ಕೇಳಿದೆ. "ರಾಗಿ ಬೆಳೆದ ವರ್ಷ ರಾಗೀನೇ ಕೊಡಿ ತಾಯಿ, ಮುದ್ದೆ ಮಾಡಿ ಬಡಿಸ್ತೀವಿ" ಅಂದರು. ಇಷ್ಟು ಸಣ್ಣ ಮಾತು ಕೇಳಲು ನಿಮಗೆ ಪುರುಸೊತ್ತಾಗಲಿಲ್ಲವೇ?

ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಬಿಸಿಲಲ್ಲಿ ಬರಿತಲೆಯಲ್ಲಿ ಕೂರಬೇಡಿ. ನಂಜುಂಡೇಶ್ವರ ನಿಮ್ಮನ್ನು ಕಾಯಲಿ.

ನಿಮ್ಮ
ಸಿದ್ದಲಿಂಗಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಮಠದಿಂದ ಬಂದವಳೇ ಕೊಟ್ಟಿಗೆಯ ದನಗಳನ್ನೆಲ್ಲ ಬಿಚ್ಚಿ ಒಟ್ಲಿಗೆ ನುಗ್ಗಿಸಿದೆ. ಒಂದು ಸಸಿ ಉಳಿದಿಲ್ಲ. ಬದುವಿನ ಮೇಲೆ ಕೂತು ಅತ್ತೆ. ಪಾತಿಯ ಕೆಸರು ಇನ್ನೂ ಆರಿಲ್ಲ, ನಾಳೆ ಕಲ್ಲಯ್ಯ ನೋಡಿದರೆ ತಿಳಿದೇ ತಿಳಿಯುತ್ತೆ. ಕೇಳಿದರೆ ನಾನು ಸುಳ್ಳು ಹೇಳೊಲ್ಲ, ನಮ್ಮನೆಯವರು ಬಿಟ್ಟಿದ್ದು, ನಾನು ಮೇಯಿಸಿದ್ದು ಅನ್ನುತ್ತೇನೆ. ಮಾದಪ್ಪನಿಗೆ ಇದೇನೂ ಗೊತ್ತಿಲ್ಲ. ಊರಿನ ಸುದ್ದಿ ಅಲ್ಲಿಗೆ ಮುಟ್ಟುವ ಮೊದಲು ನೀವೇ ಎದ್ದು ನಿಂತು ಎಲ್ಲರಿಗೂ ಹೇಳಿಬಿಡಿ.