ಗುಡುಗಿದರೆ ಪ್ಲಗ್ ಕೀಳುವ ಕಚೇರಿಗೆ

ವಿದ್ಯುತ್ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಬೀದಿಯ ಮೂಲೆಯಲ್ಲಿರುವ ನಿಮ್ಮ ಟ್ರಾನ್ಸ್‌ಫಾರ್ಮರಿಗೂ ನೆಲಕ್ಕೂ ಇದ್ದ ಸಂಬಂಧ ಕಡಿದುಹೋಗಿ ಹತ್ತು ತಿಂಗಳಾಯಿತು. ಕಡಿದವರು ನಿಮ್ಮವರೇ. ಅಂದಿನಿಂದ ಸಿಡಿಲು ತಂತಿ ಹಿಡಿದು ನೇರ ನಮ್ಮ ಮನೆಗಳಿಗೆ ಬರುತ್ತಿದೆ. ಟಿ.ವಿ., ಫ್ರಿಜ್, ನೀರೆತ್ತುವ ಮೋಟಾರು ಎಲ್ಲ ಸುಟ್ಟದ್ದಾಯಿತು. ಹೋದ ತಿಂಗಳು ನನ್ನ ಅಕ್ಕನ ಉಸಿರಾಟದ ಯಂತ್ರವೂ ಸುಟ್ಟಿತು. ಮೂರು ಸಲ ಬರೆದೆ. ಮೂರನೆಯದಕ್ಕೆ ತಾವು ದಯಪಾಲಿಸಿದ ಉತ್ತರ ಓದಿದ ಮೇಲೆ, ಇನ್ನು ತಮಗೊಬ್ಬರಿಗೇ ಬರೆದು ಫಲವಿಲ್ಲ, ನಾಲ್ಕು ಜನ ಕೇಳುವಂತೆ ಹೇಳಬೇಕು ಎನಿಸಿತು.

"ಸಿಡಿಲು ನೈಸರ್ಗಿಕ ವಿಕೋಪವಾಗಿದ್ದು ಈ ಕಚೇರಿಯು ಅದಕ್ಕೆ ಹೊಣೆಯಲ್ಲ. ಗುಡುಗಿನ ಶಬ್ದ ಕೇಳಿಬಂದ ಕೂಡಲೇ ಗ್ರಾಹಕರು ಎಲ್ಲ ಉಪಕರಣಗಳ ಪ್ಲಗ್ ಕೀಳತಕ್ಕದ್ದು" ಎಂದಿದ್ದೀರಿ. ಸಂತೋಷ. ಸಿಡಿಲನ್ನು ಹುಟ್ಟಿಸಿದವರು ತಾವೆಂದು ನಾವ್ಯಾರೂ ದೂರಿರಲಿಲ್ಲ. ಅಷ್ಟು ದೊಡ್ಡ ಕೆಲಸ ತಮ್ಮ ಕಚೇರಿಯಿಂದ ಆದೀತೆಂಬ ಗುಮಾನಿಯೂ ನಮಗಿಲ್ಲ.

ನಡೆದದ್ದು ಇಷ್ಟು. ಮೇಲಿನವರು ತಪಾಸಣೆಗೆ ಬರುತ್ತಾರೆಂದು ತಾವು ಟ್ರಾನ್ಸ್‌ಫಾರ್ಮರಿನ ಕಂಬಗಳಿಗೆ ಬೆಳ್ಳಿಬಣ್ಣ ಬಳಿಸಿದಿರಿ. ಕಂಬದ ನೆತ್ತಿಯಲ್ಲಿ ಸಿಡಿಲು ತಡೆಯುವ ಮೂರು ಉಪಕರಣಗಳಿವೆ. ಅವುಗಳಿಂದ ನೆಲದ ಗುಂಡಿಗೆ ಒಂದು ಅರ್ಥಿಂಗ್ ಪಟ್ಟಿ ಇಳಿದಿತ್ತು. ಆ ಪಟ್ಟಿ ಬ್ರಷ್ಷಿಗೆ ಅಡ್ಡ ಬರುತ್ತದೆಂದು ಕತ್ತರಿಸಿದರು. ಕತ್ತರಿಸಿದ್ದನ್ನು ಬಿಸಾಡಲಿಲ್ಲ, ಅಚ್ಚುಕಟ್ಟಾಗಿ ಸಿಂಬೆ ಸುತ್ತಿ, ಕಂಬಕ್ಕೇ ಸಿಗಿಸಿ, ಅದಕ್ಕೂ ಬಣ್ಣ ಬಳಿದರು. ಗುಂಡಿಯ ಬಾಯಿಗೆ ಸಿಮೆಂಟು ಸವರಿ ಚೊಕ್ಕಟ ಮಾಡಿದರು. ತಪಾಸಣೆಗೆ ಬಂದವರು ಕಾರಿನಿಂದ ಇಳಿಯದೆಯೇ ತಲೆದೂಗಿದರಂತೆ. ದೂಗದೆ ಏನು ಮಾಡಿಯಾರು? ಇಷ್ಟು ಸುಂದರವಾಗಿ ಕೆಟ್ಟುಹೋದ ಟ್ರಾನ್ಸ್‌ಫಾರ್ಮರನ್ನು ಅವರು ಬೇರೆಲ್ಲೂ ಕಂಡಿರಲಾರರು.

ಎಲೆಕ್ಟ್ರಿಷಿಯನ್ ಕೆಲಸ ಮಾಡುವ ನನ್ನ ಭಾವಮೈದುನ ಅದನ್ನು ನೋಡಿದವನೇ ಹಣೆ ಚಚ್ಚಿಕೊಂಡ. "ಸಿಡಿಲನ್ನ ಹಿಡಿದು ನೆಲಕ್ಕೆ ಬಿಡೋದು ಅದರ ಕೆಲಸ, ಭಾವ. ನೆಲದ ದಾರಿನೇ ಕಿತ್ತುಹಾಕಿದ್ರೆ ಅದು ಎಲ್ಲಿಗೆ ಹೋಗ್ಬೇಕು? ನಿಮ್ಮನೆಗೇ ಬರುತ್ತೆ." ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಮನೆಯ ಅರ್ಥಿಂಗ್ ಸರಿಮಾಡಿದ, ಮೇನ್ ಬೋರ್ಡಿನಲ್ಲಿ ಒಂದು ಸರ್ಜ್ ಪ್ರೊಟೆಕ್ಟರ್ ಕೂರಿಸಿದ. ಕಂಬ ತಡೆದು ಮಿಕ್ಕಿದ್ದನ್ನು ಇದು ತಡೆಯುತ್ತದೆ, ಕಂಬ ಏನನ್ನೂ ತಡೆಯದಿದ್ದರೆ ಇದರ ಕೈಯಲ್ಲೂ ಆಗದು ಎಂದು ಮೊದಲೇ ಎಚ್ಚರಿಸಿದ್ದ.

ಇನ್ನು ಅಕ್ಕನ ವಿಷಯ. ಇಪ್ಪತ್ತೆರಡು ವರ್ಷ ಹಿಟ್ಟಿನ ಗಿರಣಿಯಲ್ಲಿ ದುಡಿದವಳು. ಊರಿಗೆಲ್ಲ ಹಿಟ್ಟು ಹೋಯಿತು, ಅದರ ಧೂಳು ಅವಳ ಎದೆಯಲ್ಲಿ ಉಳಿಯಿತು. ಈಗ ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಯಂತ್ರವೊಂದು ಅವಳ ಮಂಚದ ಪಕ್ಕ ಹಗಲೂ ರಾತ್ರಿ ಗುರುಗುಡಬೇಕು. ಜೊತೆಗೊಂದು ಸಣ್ಣ ಸಿಲಿಂಡರ್ ಇದೆ. ಎರಡು ಗಂಟೆಗೆ ಸಾಕು. ತಮ್ಮ ಉತ್ತರವನ್ನು ನಾನು ಓದಿ ಹೇಳಿದಾಗ ಅವಳು ನಡುನಡುವೆ ಉಸಿರೆಳೆದುಕೊಂಡು ಕೇಳಿದಳು: "ಲೋ ತಮ್ಮಾ, ನನ್ನ ಮೂಗಿನ ನಳಿಕೇನೂ ಕಿತ್ತಿಡ್ಬೇಕಾ, ಇಲ್ಲ ಪ್ಲಗ್ ಒಂದೇ ಸಾಕಾ? ಸರಿಯಾಗಿ ಕೇಳ್ಕೊಂಡು ಬಾ."

ಹೋದ ತಿಂಗಳು ಯಂತ್ರ ಸುಟ್ಟ ಆ ಮಧ್ಯಾಹ್ನವೂ ತಾವು ಹೇಳುವಂತೆಯೇ ನಡೆದುಕೊಂಡಿದ್ದೆವು. ಗುಡುಗಿತು, ಪ್ಲಗ್ ಕಿತ್ತೆವು, ಸಿಲಿಂಡರಿನ ತಿರುಪು ತೆರೆದೆವು. ಎರಡು ಗಂಟೆಗೆ ಸಿಲಿಂಡರ್ ಖಾಲಿಯಾಯಿತು, ಗುಡುಗು ಖಾಲಿಯಾಗಲಿಲ್ಲ. ಅಕ್ಕನ ತುಟಿ ನೀಲಿಯಾಗುತ್ತಿತ್ತು. ಬೇರೆ ದಾರಿ ಕಾಣದೆ ಪ್ಲಗ್ ಹಾಕಿದೆ. ಹತ್ತು ನಿಮಿಷ ಯಂತ್ರ ನಡೆಯಿತು. ಆಮೇಲೆ ಕಿಟಕಿ ಬೆಳ್ಳಗಾಯಿತು, ಗೋಡೆಯ ಬೋರ್ಡಿನಲ್ಲಿ ಪಟ್ ಎಂದಿತು, ಯಂತ್ರ ಸುಟ್ಟ ರಬ್ಬರಿನ ವಾಸನೆ ಬಿಟ್ಟು ಸುಮ್ಮನಾಯಿತು. ಪ್ರೊಟೆಕ್ಟರೂ ಕರಕಲಾಗಿತ್ತು. ಸಿಲಿಂಡರ್ ಮುಗಿಯುವ ಮೊದಲೇ, ಯಂತ್ರಕ್ಕೆ ಪ್ಲಗ್ ಹಾಕಬಹುದೋ ಇಲ್ಲವೋ, ಅದನ್ನು ಪಕ್ಕದ ಬೀದಿಗಾದರೂ ಒಯ್ಯಲೋ ಎಂದು ಕೇಳಲು ತಮ್ಮ ದೂರಿನ ಫೋನಿಗೆ ಹನ್ನೊಂದು ಸಲ ಮಾಡಿದ್ದೆ. ಒಂದು ಸಲವೂ ಲೈನ್ ಸಿಕ್ಕಿರಲಿಲ್ಲ. ಎದುರುಮನೆಯವರ ಬ್ರೆಡ್ ಸಾಗಿಸುವ ವ್ಯಾನಿನಲ್ಲಿ, ಖಾಲಿ ಟ್ರೇಗಳ ನಡುವೆ ಅಕ್ಕನನ್ನು ಒರಗಿಸಿಕೊಂಡು ಆಸ್ಪತ್ರೆಗೆ ಹೋದೆವು. ಬದುಕಿದಳು. ನಾಲ್ಕು ದಿನದ ಮೇಲೆ ಆಸ್ಪತ್ರೆಯವರು ಬೇರೊಂದು ಯಂತ್ರವನ್ನು ಎರವಲು ಕೊಟ್ಟು ಕಳಿಸಿದರು. ನರ್ಸಮ್ಮ ಒಂದೇ ಮಾತು ಹೇಳಿದರು: "ಇದೂ ಸುಟ್ರೆ ನಮ್ಮ ಹತ್ರ ಇನ್ನೊಂದಿಲ್ಲ."

ಆ ಫೋನು ಏಕೆ ಸಿಗಲಿಲ್ಲ ಎಂಬುದು ತಿಳಿದದ್ದು ತಮ್ಮ ಕಚೇರಿಯ ಬೆಂಚಿನ ಮೇಲೆ. ತಮ್ಮ ದರ್ಶನಕ್ಕಾಗಿ ಕಾಯುತ್ತಿದ್ದಾಗ ದೂರದಲ್ಲೆಲ್ಲೋ ಗುಡುಗಿತು. ನಿವೃತ್ತಿಯ ಹೊಸ್ತಿಲಲ್ಲಿರುವ ತಮ್ಮ ಜವಾನರು ಎದ್ದು ಕಂಪ್ಯೂಟರಿನ ಪ್ಲಗ್ ಕಿತ್ತರು, ಫ್ಯಾನಿನದು ಕಿತ್ತರು, ಕೊನೆಗೆ ಮೂಲೆಯ ಮೇಜಿನ ಫೋನಿನ ವೈರನ್ನೂ ಕಿತ್ತು ಸುತ್ತಿಟ್ಟರು.

"ಅದು ದೂರಿನ ಫೋನಲ್ವಾ?" ಎಂದೆ.

"ಹೌದು ಯಜಮಾನ್ರೇ. ಹಿಂದೊಂದು ಸಲ ಸುಟ್ಟೋಗಿತ್ತು. ಗುಡುಗಿದ್ರೆ ಮೊದಲು ಫೋನ್ ಕಾಪಾಡು ಅಂದಿದ್ದಾರೆ ಸಾಹೇಬ್ರು."

"ಜನ ಫೋನ್ ಮಾಡೋದೇ ಗುಡುಗಿದಾಗ."

"ಮಾಡ್ತಾರೆ ಪಾಪ," ಎಂದು ಅವರು ನಿಜವಾಗಿಯೂ ಮರುಗಿದರು. "ನಿಂತ್ಮೇಲೆ ಮತ್ತೆ ಮಾಡ್ತಾರೆ."

ಹೊರಬಂದು ನೋಡಿದರೆ ತಮ್ಮ ಮಾಳಿಗೆಯ ಮೇಲೆ ಸಿಡಿಲು ಹಿಡಿಯುವ ಉದ್ದನೆಯ ಸಲಾಕೆ. ಅದರಿಂದ ಇಳಿದ ತಾಮ್ರದ ಪಟ್ಟಿ ಮುಚ್ಚಳವಿರುವ ಗುಂಡಿಗೆ ಸೇರಿದೆ. ಗುಂಡಿ ಒಣಗದಂತೆ ಅದಕ್ಕೆ ದಿನಾ ಒಂದು ಬಕೆಟ್ ನೀರು. ಹಾಗಾದರೆ ಸಿಡಿಲನ್ನು ನೆಲಕ್ಕಿಳಿಸುವ ವಿದ್ಯೆ ತಮಗೆ ಗೊತ್ತು! ತಮ್ಮ ತಲೆಯ ಮೇಲೆ ಅದು ಎಂಜಿನಿಯರಿಂಗ್, ನಮ್ಮ ತಲೆಯ ಮೇಲೆ ಬಿದ್ದಾಗ ಮಾತ್ರ ನೈಸರ್ಗಿಕ ವಿಕೋಪ. ಅಷ್ಟೆಲ್ಲ ಕಾಪಾಡಿಕೊಂಡ ಮೇಲೂ ತಮಗೆ ಫೋನಿನ ಚಿಂತೆ. ಆ ಫೋನು ಪುಣ್ಯವಂತ.

ತಮ್ಮನ್ನು ಕಾದು ಕೂರುವ ಬದಲು ಬೀದಿಯವರೇ ಸೇರಿ ಹೋದ ಭಾನುವಾರ ಎಂಟು ಅಡಿ ಗುಂಡಿ ತೋಡಿದೆವು. ಭಾವಮೈದುನ ಕೊಳವೆ ಇಳಿಸಿ, ಉಪ್ಪು ಇದ್ದಿಲು ತುಂಬಿ, ಹೊಸ ಪಟ್ಟಿಯನ್ನು ತಮ್ಮ ಕಂಬದ ಹತ್ತಿರದವರೆಗೆ ತಂದು ನಿಲ್ಲಿಸಿದ್ದಾನೆ. ಒಂದು ಗೇಣು ಬಾಕಿ. ಅದಕ್ಕಿಂತ ಮುಂದೆ ಹೋದರೆ ಇಲಾಖೆಯ ಆಸ್ತಿ ಮುಟ್ಟಿದ ಅಪರಾಧವಾಗುತ್ತದೆ. ಕರೆಂಟು ನಿಲ್ಲಿಸಿ ಅದನ್ನು ಜೋಡಿಸಲು ತಮ್ಮ ಒಬ್ಬ ಲೈನ್‌ಮನ್, ಒಂದು ಬೋಲ್ಟು, ಅರ್ಧ ಗಂಟೆ ಸಾಕು. ನಾಳೆಯೇ ಕಳಿಸಿ. ಕತ್ತರಿಸಲು ಕೇಳದ ಅನುಮತಿಯನ್ನು ಜೋಡಿಸಲು ಕೇಳಬೇಡಿ. ಬೋಲ್ಟು ಇಲ್ಲವೆಂದರೆ ಅದೂ ನಮ್ಮ ಹತ್ತಿರವಿದೆ. ಮತ್ತು ಗುಡುಗುವಾಗ ಆ ಫೋನನ್ನು ದಯವಿಟ್ಟು ಸಾಯಲು ಬಿಡಿ. ಇನ್ನೊಂದು ಫೋನು ಸಿಗುತ್ತದೆ.

ಪಡುವಣದಲ್ಲಿ ಮೋಡ ಕಟ್ಟುತ್ತಿದೆ. ಅಕ್ಕ ಕಣ್ಣು ಮುಚ್ಚಿ ಮಲಗಿದ್ದಾಳೆ. ನಿದ್ದೆಯೋ, ಆಲಿಸುತ್ತಿದ್ದಾಳೋ ತಿಳಿಯದು.

ಇಂತಿ,
ಒಂದು ಕೈಯಲ್ಲಿ ಪೆನ್ನು ಹಿಡಿದು, ಇನ್ನೊಂದು ಕೈಯನ್ನು ಅಕ್ಕನ ಯಂತ್ರದ ಪ್ಲಗ್ಗಿನ ಮೇಲಿಟ್ಟುಕೊಂಡು, ಕೀಳಲೋ ಬಿಡಲೋ ತಿಳಿಯದೆ ಕೂತಿರುವ
ತಮ್ಮ ವಿಧೇಯ ಗ್ರಾಹಕ